ಮೈಯೊಳಗೆ ಬೆಳೆಯುವ ಔಷಧ

ನಾವು ನುಂಗುವ ಮಾತ್ರೆಗಳೆಲ್ಲಕ್ಕೂ ಒಂದು ಸಾಮಾನ್ಯ ಗುಣವುಂಟು. ಮೈಯನ್ನು ಹೊಕ್ಕ ಮೇಲೆ ಅವುಗಳ ಪ್ರಮಾಣವು ಕ್ರಮೇಣ ಕುಗ್ಗುತ್ತ ಹೋಗುತ್ತದೆ. ವಿಕಿರಣಶೀಲ ಧಾತುವಿಗೆ ಅರ್ಧಾಯುಷ್ಯವಿರುವಂತೆ ಔಷಧಕ್ಕೂ ಒಂದು ಅರ್ಧಾಯುಷ್ಯವನ್ನು ವೈದ್ಯಶಾಸ್ತ್ರಜ್ಞರು ಲೆಕ್ಕಹಾಕುತ್ತಾರೆ. ಮೈಯೊಳಗೆ ಹೋದಮೇಲೆ ಕುಗ್ಗುವ ಬದಲು ತಾನಾಗಿಯೇ ವೃದ್ಧಿಹೊಂದುವ ಔಷಧವೊಂದಿದ್ದರೆ? ಅಂತಹುದು ಈಗ ಉಂಟು. ಅದು ರೋಗಿಯ ರಕ್ತದಿಂದಲೇ ತೆಗೆದ ಜೀವಕೋಶ.

ರಕ್ತದ ಬಿಳಿಯ ಕಣಗಳಲ್ಲಿ ಟಿ-ಕೋಶಗಳೆಂಬುದೊಂದು ಜಾತಿ. ವೈರಸ್ ಸೇರಿಕೊಂಡ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದು ಇವುಗಳಲ್ಲಿ ಕೆಲವದರ ಕೆಲಸ. ಅವುಗಳ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಶತ್ರುವಿನ ಚಿಹ್ನೆ ಗ್ರಾಹಕಕ್ಕೆ ತಾಗಿದಾಗ ಕೋಶವು ಎಚ್ಚರಗೊಳ್ಳುತ್ತದೆ. ಕ್ಯಾನ್ಸರ್ ಕೋಶವಾದರೋ ಹೊರಗಿನಿಂದ ಬಂದುದಲ್ಲ, ನಮ್ಮದೇ ಕೋಶ ಕೆಟ್ಟು ಆದುದು. ಆದುದರಿಂದ ಅದು ಅನೇಕ ವೇಳೆ ಈ ಕಾವಲುಗಾರರ ಕಣ್ಣುತಪ್ಪಿಸಿ ಬೆಳೆಯುತ್ತದೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ಮತ್ತು ಅವರ ಸಂಗಡಿಗರು 1989ರಲ್ಲಿ ಇದಕ್ಕೊಂದು ದಾರಿಯನ್ನು ತೋರಿಸಿದರು. ಗುರುತುಹಿಡಿಯುವುದರಲ್ಲಿ ಚುರುಕಾದ ಪ್ರತಿಕಾಯದ ತುದಿಯನ್ನು ಟಿ-ಕೋಶದ ಗ್ರಾಹಕಕ್ಕೆ ಕಸಿಮಾಡಿದರು. ನಮ್ಮ ದೇವಾಲಯಗಳ ಮಕರದಂತೆ ಹಲವು ಪ್ರಾಣಿಗಳ ಅಂಗಗಳು ಕೂಡಿದ ಮೃಗವೊಂದು ಗ್ರೀಕರ ಪುರಾಣದಲ್ಲಿದೆ. ಅದರ ಹೆಸರಿನಿಂದಲೇ ಈ ಬೆರಕೆ ಗ್ರಾಹಕಕ್ಕೆ ಹೆಸರು ಬಂದಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇಂತಹ ಕೋಶವನ್ನು ಕಾರ್-ಟಿ ಎನ್ನುತ್ತಾರೆ. (ಮೋಟಾರು ಕಾರಿಗೂ ಇದಕ್ಕೂ ಸಂಬಂಧವಿಲ್ಲ!) ಮೊದಲಿನ ಕಾರ್-ಟಿ ಕೋಶಗಳು ಮೈಯಲ್ಲಿ ಬಹುಕಾಲ ಬಾಳಲಿಲ್ಲ. ಅವು ಉಳಿದು ಬೆಳೆಯಲು ಇನ್ನೊಂದು ಸಂಕೇತವೂ ಬೇಕೆಂದು ತಿಳಿದು, ಅದಕ್ಕಾಗಿ ಮತ್ತೊಂದು ತುಣುಕನ್ನು ಗ್ರಾಹಕಕ್ಕೆ ಸೇರಿಸಲು ವರ್ಷಗಳೇ ಹಿಡಿದುವು.

ತಯಾರಿಯ ಕ್ರಮ ಹೀಗೆ. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ಹೊಸ ಗ್ರಾಹಕದ ಜೀನನ್ನು ಅವುಗಳೊಳಕ್ಕೆ ಕಳುಹಿಸುತ್ತಾರೆ. ಈ ಸಾಗಾಣಿಕೆಗೆ ಹಲವೆಡೆ ಬಳಸುವುದು, ಏಡ್ಸ್ ರೋಗದ ವೈರಸ್ಸಿನಿಂದಲೇ ಪಡೆದು ರೋಗ ತರುವ ಶಕ್ತಿಯನ್ನು ಕಿತ್ತುಹಾಕಿದ ವಾಹಕವನ್ನು! ಬಳಿಕ ಕೋಶಗಳನ್ನು ಬೆಳೆಸಿ, ರೋಗಿಯ ರಕ್ತಕ್ಕೆ ಹಿಂತಿರುಗಿಸುತ್ತಾರೆ.

ಇಲ್ಲಿಂದ ಮುಂದಿನದು ಗಣಿತ. ಒಂದು ಕೋಶವು ಹತ್ತು ಸಲ ಇಮ್ಮಡಿಯಾದರೆ 1,024 ಕೋಶಗಳಾಗುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಕಾರ್ಲ್ ಜೂನ್ ಅವರ ತಂಡವು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಶಗಳು ರೋಗಿಗಳ ಮೈಯಲ್ಲಿ ಸಾವಿರ ಪಟ್ಟಿಗೂ ಮೀರಿ ಹೆಚ್ಚಿದ್ದುವು. ಭೌತಶಾಸ್ತ್ರದ ವಿದ್ಯಾರ್ಥಿಗೆ ಒಡನೆಯೇ ಪರಮಾಣು ಸ್ಥಾವರದ ಸರಪಣಿ ಕ್ರಿಯೆ ನೆನಪಾಗಬೇಕು. ಜೊತೆಗೆ, ಅದನ್ನು ಅಂಕೆಯಲ್ಲಿಡುವ ನಿಯಂತ್ರಕ ದಂಡ ಇಲ್ಲಿ ಎಲ್ಲಿದೆಯೆಂಬ ಪ್ರಶ್ನೆಯೂ ಏಳಬೇಕು.

ಆ ಪ್ರಶ್ನೆ 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎದುರಾಯಿತು. ರಕ್ತದ ಕ್ಯಾನ್ಸರು ಎರಡು ಸಲ ಮರುಕಳಿಸಿದ್ದ ಆರು ವರ್ಷದ ಬಾಲಕಿಯೊಬ್ಬಳಿಗೆ ಕಾರ್-ಟಿ ಕೋಶಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ವಿಪರೀತ ಜ್ವರವೇರಿ, ರಕ್ತದೊತ್ತಡ ಕುಸಿದು, ಉಸಿರಾಟಕ್ಕೆ ಯಂತ್ರವನ್ನು ಜೋಡಿಸಬೇಕಾಯಿತು. ಕೋಶಗಳು ಸೋತಿರಲಿಲ್ಲ, ಅತಿಯಾಗಿ ಗೆಲ್ಲುತ್ತಿದ್ದುವು. ಪರೀಕ್ಷಿಸಿದಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನು ರಕ್ತದಲ್ಲಿ ಬಹಳವಾಗಿ ಏರಿದ್ದುದು ಕಂಡಿತು. ಇದರ ಕ್ರಿಯೆಯನ್ನು ತಡೆಯುವ ಟಾಸಿಲಿಜುಮಾಬ್ ಎಂಬ ಔಷಧ ಆಗಲೇ ಬಳಕೆಯಲ್ಲಿದ್ದಿತು, ಆದರೆ ಸಂಧಿವಾತಕ್ಕೆ! ಮನೆಯಲ್ಲಿ ಆ ರೋಗದ ಅನುಭವವಿದ್ದ ಜೂನರಿಗೆ ಅದರ ಪರಿಚಯವಿದ್ದಿತು. ಅದನ್ನು ಕೊಟ್ಟೊಡನೆ ಜ್ವರವಿಳಿಯತೊಡಗಿತು, ಮಗು ಚೇತರಿಸಿಕೊಂಡಿತು. ಹತ್ತು ವರ್ಷ ತುಂಬಿದ 2022ರಲ್ಲಿಯೂ ಕ್ಯಾನ್ಸರ್ ಮರಳಿರಲಿಲ್ಲ.

ಪ್ರಯೋಗಶಾಲೆಯ ವಿದ್ಯೆ ಆಸ್ಪತ್ರೆಗೆ ಹೋಗುವುದೆಂದರೆ ಒಮ್ಮುಖ ಪ್ರಯಾಣವೆಂದು ನಾವು ತಿಳಿಯುತ್ತೇವೆ. ಇಲ್ಲಿ ನಿಯಂತ್ರಕ ದಂಡವು ದೊರೆತುದು ರೋಗಿಯ ಹಾಸಿಗೆಯ ಬಳಿಯಲ್ಲಿ. 2017ರ ಆಗಸ್ಟಿನಲ್ಲಿ ಅಮೆರಿಕವು ಈ ಚಿಕಿತ್ಸೆಗೆ ಅನುಮತಿಯಿತ್ತ ದಿನವೇ, ಅದರ ಜ್ವರಕ್ಕೆ ಟಾಸಿಲಿಜುಮಾಬನ್ನು ಬಳಸಲೂ ಅನುಮತಿಯಿತ್ತಿತು.

ಈ ಕೋಶಗಳು ಅರಸುವ ಚಿಹ್ನೆ ಸಿ.ಡಿ.-19, ಅದು ಬಿ-ಕೋಶಗಳೆಂಬ ಬಿಳಿಯ ಕಣಗಳ ಮೇಲಿರುವುದು. ಕೆಟ್ಟ ಬಿ-ಕೋಶಗಳೊಡನೆ ಒಳ್ಳೆಯವೂ ಸಾಯುತ್ತವೆ. ಆ ಕೊರತೆಯನ್ನು ಪ್ರತಿಕಾಯಗಳನ್ನು ಹೊರಗಿನಿಂದ ಕೊಟ್ಟು ತುಂಬಬಹುದು. ಗಡ್ಡೆಯ ರೂಪದ ಕ್ಯಾನ್ಸರುಗಳಲ್ಲಿ ಇಂತಹ ಅನುಕೂಲವಾದ ಚಿಹ್ನೆ ಸಿಕ್ಕುವುದು ಕಷ್ಟ. ಅಲ್ಲಿ ಈ ವಿಧಾನ ಇನ್ನೂ ಅಷ್ಟಾಗಿ ಫಲಿಸಿಲ್ಲ.

ಅಮೆರಿಕದಲ್ಲಿ ಆರಂಭದ ಬೆಲೆ 4,75,000 ಡಾಲರು. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವಿಜ್ಞಾನಿಗಳು ಇಲ್ಲಿಯೇ ರೂಪಿಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತ ಸರ್ಕಾರದ ಒಪ್ಪಿಗೆ ದೊರೆಯಿತು. ಅದರ ಬೆಲೆ ಅಮೆರಿಕದ ಬೆಲೆಯ ಸುಮಾರು ಹತ್ತನೆಯ ಒಂದು ಪಾಲು. ಅಂದರೆ ಇನ್ನೂ ಹಲವು ಲಕ್ಷ ರೂಪಾಯಿಗಳು.