ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ

ಅರವತ್ತು ದಾಟಿದವರೇ, ಬಾಗಿಲ ಚೌಕಟ್ಟು ಸೊಟ್ಟಗೆ ಕಂಡರೆ, ಓದುವ ಸಾಲಿನ ನಡುವೆ ಅಕ್ಷರ ಮಾಸಿದರೆ ‘ಪೊರೆ ಬಂದಿರಬೇಕು’ ಎಂದು ಸುಮ್ಮನಾಗಬೇಡಿ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಸವೆಯುತ್ತಿರಬಹುದು.

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಓದುವ ಕನ್ನಡಕ ಹಾಕಿ, ಒಂದೊಂದೇ ಕಣ್ಣು ಮುಚ್ಚಿ, ಚೌಕುಳಿ ಗೆರೆಗಳ ಆಮ್ಸ್ಲರ್ ಚಾರ್ಟ್ ನೋಡಿ. ಗೆರೆ ಡೊಂಕಾಗಿದ್ದರೆ, ನಡುವೆ ಕಲೆ ಕಂಡರೆ ತಡಮಾಡದೆ ರೆಟಿನಾ ತಜ್ಞರ ಬಳಿ ಹೋಗಿ.

ಮ್ಯಾಕ್ಯುಲಾ ಸವೆಯುವ ಈ ಕಾಯಿಲೆಯ ಒಣ ಬಗೆ ನಿಧಾನವಾಗಿ ಬೆಳೆಯುತ್ತದೆ. ಒದ್ದೆ ಬಗೆಯಲ್ಲಿ ಹೊಸ ರಕ್ತನಾಳಗಳು ಸೋರಿ, ಕೆಲವೇ ವಾರಗಳಲ್ಲಿ ದೃಷ್ಟಿ ಕುಗ್ಗಬಹುದು. ಆ ಸೋರಿಕೆ ತಡೆಯಲು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ, ಹೆದರಬೇಡಿ. ಕಣ್ಣು ಸುಧಾರಿಸಿತೆಂದು ನೀವಾಗಿಯೇ ಇಂಜೆಕ್ಷನ್ ನಿಲ್ಲಿಸಲೂಬೇಡಿ.

ಬೀಡಿ, ಸಿಗರೇಟು ಇಂದೇ ಬಿಡಿ. ಬಿ.ಪಿ. ಹತೋಟಿಯಲ್ಲಿರಲಿ, ಊಟದಲ್ಲಿ ಸೊಪ್ಪು ತಪ್ಪದಿರಲಿ. ಲ್ಯೂಟಿನ್, ಜಿಂಕ್ ಇರುವ ಮಾತ್ರೆಗಳು ಮಧ್ಯಮ ಹಂತ ತಲುಪಿದವರಿಗೆ ನೆರವಾಗುತ್ತವೆ, ಎಲ್ಲರಿಗೂ ಅಲ್ಲ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ನಡುನೋಟ ಕುಗ್ಗಿದರೂ ಸುತ್ತಲ ನೋಟ ಸಾಮಾನ್ಯವಾಗಿ ಉಳಿಯುತ್ತದೆ. ಒಳ್ಳೆಯ ಬೆಳಕು, ಭೂತಗನ್ನಡಿ, ಮೊಬೈಲಿನ ದೊಡ್ಡ ಅಕ್ಷರ ಬಳಸಿ ನಿಮ್ಮ ಓದು, ಓಡಾಟ ಮುಂದುವರಿಸಿ.