ಮೂಲೆಯ ಕುರ್ಚಿಯಿಂದ ಕಂಡದ್ದು

ಎಂಬಿಬಿಎಸ್ ಮುಗಿಸಿ, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಡಿಎನ್‌ಬಿ ಮಾಡಲು ನಮ್ಮ ಮಲೆನಾಡಿನ ಆಸ್ಪತ್ರೆಗೆ ಬರುವವರಿಗೆ ಕಲಿಸುವುದು ನನ್ನ ಕೆಲಸ. ಅವರು ಕಲಿತರೋ ಇಲ್ಲವೋ ಎಂದು ಅಳೆಯುವುದೂ ನನ್ನದೇ ಕೆಲಸ, ಇದು ಮೊದಲಿನದಕ್ಕಿಂತ ಕಷ್ಟ. ಹೃದಯತಜ್ಞರ ಬಾಗಿಲಿಗೆ ಹೃದಯದ ರೋಗಿಗಳೇ ಬರುತ್ತಾರೆ. ಕುಟುಂಬ ವೈದ್ಯರ ಬಾಗಿಲಿಗೆ ಕೂಸಿನ ಕೆಮ್ಮು ಬರುತ್ತದೆ, ಅದರ ಬೆನ್ನಿಗೆ ಅಜ್ಜನ ಶುಗರ್, ಆಮೇಲೆ ಗಂಡನ ಕುಡಿತದ ಸುದ್ದಿ ಎತ್ತಲಾರದೆ ತಲೆನೋವು ಅಂತ ಹೇಳಿಕೊಂಡು ಬಂದ ಹೆಂಗಸು. ಇವರನ್ನೆಲ್ಲ ನೋಡಬಲ್ಲರು ಎಂದು ಸಹಿ ಹಾಕುವ ಮೊದಲು ನಾನು ಏನೇನು ಗಮನಿಸುತ್ತೇನೆ ಎಂಬುದು ಇಲ್ಲಿದೆ.

1. ಅಂಕ ನೋಡಿ, ಅಲ್ಲಿಗೇ ನಿಲ್ಲಬೇಡಿ

ಅಮೆರಿಕದ ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಬರೆದು ತೋರಿಸಿದರು. ತಳದಲ್ಲಿ ‘ಗೊತ್ತಿದೆ’, ಅದರ ಮೇಲೆ ‘ಹೇಗೆ ಮಾಡಬೇಕೆಂದು ಗೊತ್ತಿದೆ’, ಇನ್ನೂ ಮೇಲೆ ‘ಮಾಡಿ ತೋರಿಸಬಲ್ಲ’, ತುದಿಯಲ್ಲಿ ‘ದಿನಾ ಮಾಡುತ್ತಾನೆ’. ಪ್ರವೇಶ ಪರೀಕ್ಷೆಗೆಂದು ವರ್ಷಗಟ್ಟಲೆ ಎಂಸಿಕ್ಯು ಉರುಹೊಡೆದು ಬಂದ ನಮ್ಮ ಮಕ್ಕಳ ತಳ ಬಲು ಗಟ್ಟಿ. ಮಗುವಿನ ನ್ಯುಮೋನಿಯಾ ಬಗ್ಗೆ ಕೇಳಿದರೆ, ಎರಡು ತಿಂಗಳಿಂದ ಒಂದು ವರ್ಷದೊಳಗೆ ಉಸಿರು ನಿಮಿಷಕ್ಕೆ 50 ಮುಟ್ಟಿದರೆ ಜೋರು, ಒಂದರಿಂದ ಐದು ವರ್ಷದವರಿಗೆ 40 ಎಂದು ಥಟ್ಟನೆ ಹೇಳುತ್ತಾರೆ. ಅದೇ ಹುಡುಗ ಓಪಿಡಿಯಲ್ಲಿ ಅಳುವ ಕೂಸಿನ ಎದೆಗೆ ಸ್ಟೆತಾಸ್ಕೋಪ್ ಮುಟ್ಟಿಸಿ, ಗಡಿಯಾರದ ಕಡೆ ಕಣ್ಣೂ ಹಾಯಿಸದೆ ಆ್ಯಂಟಿಬಯೋಟಿಕ್ ಸಿರಪ್ ಬರೆದುಬಿಡುತ್ತಾನೆ. ಉಸಿರು ಎಣಿಸಬೇಕಾದರೆ ಕೂಸು ತಾಯಿಯ ಮಡಿಲಲ್ಲಿ ಸುಮ್ಮನಾಗಬೇಕು, ಅಂಗಿ ಮೇಲೆತ್ತಿರಬೇಕು, ಪೂರ್ತಿ ಒಂದು ನಿಮಿಷ ಬೇಕು. ಹೊರಗೆ ಬೆಂಚು ತುಂಬಿ ಜನ ಕೂತಿರುವಾಗ ಆ ಒಂದು ನಿಮಿಷ ಕೊಡುತ್ತಾನೋ ಇಲ್ಲವೋ ಎಂದು ತಿಳಿಯುವ ಪ್ರಶ್ನೆಪತ್ರಿಕೆಯನ್ನು ಯಾರೂ ಇನ್ನೂ ತಯಾರಿಸಿಲ್ಲ.

2. ಕುರ್ಚಿ ರೋಗಿಯ ಬೆನ್ನ ಹಿಂದೆ ಇರಲಿ

ಹಾಗಾದರೆ ಉಳಿದ ದಾರಿ ಒಂದೇ, ಕೂತು ನೋಡುವುದು. ಹೇಳಲು ಸುಲಭ. ನಮ್ಮಲ್ಲಿ ರೂಢಿಯಾಗಿರುವುದು ಕೇಸ್ ಪ್ರೆಸೆಂಟೇಶನ್: ವಿದ್ಯಾರ್ಥಿ ರೋಗಿಯನ್ನು ಒಳಗೆ ನೋಡಿ, ಹೊರಗೆ ಬಂದು ನಮಗೆ ಒಪ್ಪಿಸುತ್ತಾನೆ. ಅವನು ಕೇಳದೆ ಬಿಟ್ಟ ಪ್ರಶ್ನೆ ಆ ಒಪ್ಪಿಸುವಿಕೆಯಲ್ಲಿ ಎಲ್ಲಿ ಕಾಣಬೇಕು?

ಜಾನ್ ನಾರ್ಸಿನಿ ಮತ್ತು ಜೊತೆಗಾರರು 1995ರಲ್ಲಿ ಮಿನಿ-ಸೆಕ್ಸ್ (Mini-CEX) ಎಂಬ ಕ್ರಮವನ್ನು ಮುಂದಿಟ್ಟರು. (ಹೆಸರು ಕೇಳಿ ಪ್ರತಿ ಬ್ಯಾಚೂ ನಗುತ್ತದೆ, ನಗಲಿ.) ನಿಜವಾದ ರೋಗಿ, ಹದಿನೈದಿಪ್ಪತ್ತು ನಿಮಿಷದ ಭೇಟಿ, ಪಕ್ಕದಲ್ಲಿ ನೋಡುವ ಒಬ್ಬ ಹಿರಿಯ, ಮುಗಿದ ಕೂಡಲೇ ಮಾತುಕತೆ. ಇದು ನಮ್ಮಲ್ಲಿ ನಡೆಯಬೇಕಾದರೆ ಮೊದಲು ಕುರ್ಚಿಯ ಜಾಗ ಬದಲಾಗಬೇಕು. ಎದುರಿಗೆ ಕೂತರೆ ರೋಗಿ ನನ್ನ ನರೆಗೂದಲು ನೋಡಿ ನನ್ನ ಹತ್ತಿರವೇ ಮಾತಾಡುತ್ತಾರೆ, ವಿದ್ಯಾರ್ಥಿ ಗುಮಾಸ್ತನಾಗುತ್ತಾನೆ. ಅದಕ್ಕೇ ರೋಗಿಯ ಬೆನ್ನ ಹಿಂದಿನ ಮೂಲೆ.

ಅಲ್ಲಿಂದ ಕಾಣುವುದೇ ಬೇರೆ. ಸೊಸೆಗೆ ಹೊಟ್ಟೆನೋವು, ಉತ್ತರವೆಲ್ಲ ಅತ್ತೆಯದು. ವಿದ್ಯಾರ್ಥಿನಿ ಹತ್ತು ನಿಮಿಷ ಅತ್ತೆಯನ್ನೇ ವಿಚಾರಿಸಿ ಸ್ಕ್ಯಾನಿಂಗ್‌ಗೆ ಬರೆಯಬಹುದು. ಇಲ್ಲವೇ, “ಅಮ್ಮ, ನೀವು ಆ ಚೀಟಿ ಒಂದು ಕೌಂಟರಿನಲ್ಲಿ ಕೊಟ್ಟು ಬನ್ನಿ, ಅಷ್ಟರಲ್ಲಿ ಇವರ ಹೊಟ್ಟೆ ಮುಟ್ಟಿ ನೋಡ್ತೀನಿ” ಎಂದು ಹೇಳಿ, ಮುಟ್ಟು ಯಾವಾಗ ನಿಂತಿತು ಎಂಬ ಪ್ರಶ್ನೆಯನ್ನು ಸೊಸೆಗೇ ಕೇಳಬಹುದು. ಎರಡನೆಯದನ್ನು ಮಾಡಿದವಳಿಗೆ ನನ್ನ ಫಾರಂನಲ್ಲಿ ಪೂರ್ತಿ ಅಂಕ. ಗರ್ಭನಾಳದಲ್ಲಿ ನಿಂತ ಬಸಿರು ಆ ಒಂದು ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ.

3. ನಟನೆಯ ರೋಗಿಗೂ ಜಾಗವಿದೆ

ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪ್ರಕಟಿಸಿದ ಓಸ್ಕಿ ಪರೀಕ್ಷೆ ಈಗ ಎಲ್ಲೆಡೆ ಇದೆ. ಎಲ್ಲರಿಗೂ ಒಂದೇ ಕೇಸು, ಒಂದೇ ಸಮಯ, ಗಂಟೆ ಬಾರಿಸಿದರೆ ಮುಂದಿನ ಮೇಜು. ಇನ್‌ಹೇಲರ್ ಹೇಳಿಕೊಡುವುದು, ಸಕ್ಕರೆ ರೋಗಿಯ ಪಾದಕ್ಕೆ 10 ಗ್ರಾಂ ಎಳೆ ಮುಟ್ಟಿಸಿ ಸ್ಪರ್ಶ ನೋಡುವುದು, ಇಂಥದ್ದಕ್ಕೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇಲ್ಲ. ಆದರೆ ಚೆಕ್‌ಲಿಸ್ಟ್ ಗೊತ್ತಾದ ಮಕ್ಕಳು “ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ” ಎಂದು ಮೊದಲ ಮಿನಿಟಿನಲ್ಲೇ ಹೇಳಿ ಒಂದು ಅಂಕ ಎತ್ತಿಕೊಳ್ಳುತ್ತಾರೆ, ರೋಗಿ ಇನ್ನೂ ತನ್ನ ಕಷ್ಟ ಹೇಳಿಯೇ ಇರುವುದಿಲ್ಲ. ಬ್ರಿಟನ್ನಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಹೊರಟವರಿಗೆ 2023ರಿಂದ ಹನ್ನೆರಡು ಕೇಸುಗಳ, ಒಂದೊಂದಕ್ಕೆ ಹನ್ನೆರಡು ನಿಮಿಷದ ಪರೀಕ್ಷೆ ಬಂದಿದೆ. ಅಲ್ಲೂ ಅದೊಂದನ್ನೇ ನೆಚ್ಚಿಕೊಂಡಿಲ್ಲ. ಲಿಖಿತ ಪರೀಕ್ಷೆಯ ಜೊತೆಗೆ, ತರಬೇತಿ ಉದ್ದಕ್ಕೂ ಕೆಲಸದ ಜಾಗದಲ್ಲೇ ಮಾಡಿದ ಮೌಲ್ಯಮಾಪನವೂ ಪಾಸಾಗಬೇಕು.

4. ವಾರ್ಡಿನ ಕಣ್ಣು ಓಪಿಡಿಗೆ ಸಾಲದು

ಮೂರು ವರ್ಷದ ಹೆಚ್ಚಿನ ಪಾಲು ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಎಂದು ಸುತ್ತುವುದರಲ್ಲೇ ಕಳೆಯುತ್ತದೆ. ವಾರ್ಡಿಗೆ ಬರುವ ರೋಗಿಯನ್ನು ಯಾರೋ ಆಗಲೇ ಸೋಸಿ ಕಳಿಸಿರುತ್ತಾರೆ. ಓಪಿಡಿಗೆ ಬರುವುದು ಸೋಸದ ನೀರು. ಅಲ್ಲಿ “ಗ್ಯಾಸ್ ಆಗಿದೆ ಡಾಕ್ಟ್ರೇ” ಎನ್ನುವ ಹತ್ತಾರು ಮಂದಿಯಲ್ಲಿ ಬಹುಪಾಲು ಜನರಿಗೆ ಆಗಿರುವುದು ಗ್ಯಾಸೇ. ನಡುವೆ ಒಬ್ಬರು ಶುಗರ್ ಇರುವ ಐವತ್ತೈದರ ಹೆಂಗಸು, ಬೆವರು, ಸುಸ್ತು, ಎದೆನೋವಂತೂ ಇಲ್ಲ. ಅವರಿಗೆ ಕೂಡಲೇ ಇಸಿಜಿ ಆಗಬೇಕು. ಎಲ್ಲರಿಗೂ ಇಸಿಜಿ ಬರೆಯುವವನು ಜಾಣನಲ್ಲ, ಯಾರಿಗೂ ಬರೆಯದವನು ಅಪಾಯ. ಯಾರಿಗೆ ಯಾಕೆ ಬರೆದೆ, ಯಾರಿಗೆ ಯಾಕೆ ಬಿಟ್ಟೆ ಎಂದು ಸಂಜೆ ಕೂರಿಸಿಕೊಂಡು ಕೇಳಬೇಕು. ಬಿಟ್ಟದ್ದರ ಕಾರಣವೇ ನನಗೆ ಹೆಚ್ಚು ಹೇಳುತ್ತದೆ.

5. ಊರು ಗೊತ್ತಿರುವುದೂ ಸಾಮರ್ಥ್ಯವೇ

ಸೀಟು ಹಂಚಿಕೆ ಅಖಿಲ ಭಾರತ ಮಟ್ಟದ್ದು, ಹಾಗಾಗಿ ಕನ್ನಡ ಬಾರದವರೂ ಬರುತ್ತಾರೆ. ರೋಗಿ ಐದು ನಿಮಿಷ ಹೇಳಿದ್ದನ್ನು ಸಿಸ್ಟರ್ “ಮೂರು ದಿನದಿಂದ ಜ್ವರ” ಎಂದು ಅನುವಾದಿಸುತ್ತಾರೆ. ಕಳೆದುಹೋದದ್ದರಲ್ಲಿ ತರಗೆಲೆ ತರಲು ಕಾಡಿಗೆ ಹೋಗಿದ್ದು, ಅಲ್ಲಿ ಮಂಗ ಸತ್ತು ಬಿದ್ದಿದ್ದು ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಬಗ್ಗೆ ಪುಸ್ತಕದಲ್ಲಿ ಎಲ್ಲ ವಿದ್ಯಾರ್ಥಿಗಳೂ ಓದಿರುತ್ತಾರೆ. ಬೇಸಿಗೆಯ ಮೊದಲು ಬಂದ ಜ್ವರದವನಿಗೆ “ಕಾಡಿಗೆ ಹೋಗಿದ್ರಾ?” ಎಂದು ಕೇಳುವವರು ಕಡಿಮೆ. ಆರು ತಿಂಗಳೊಳಗೆ ಓಪಿಡಿಯ ಕನ್ನಡ ಬರಲೇಬೇಕೆಂದು ನಾನು ಹಟ ಹಿಡಿಯುವುದನ್ನು ಕೆಲವರು ಭಾಷಾಭಿಮಾನ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

6. ಹಾಕದೆ ಬಿಟ್ಟ ಡ್ರಿಪ್‌ಗೂ ಅಂಕ ಕೊಡಿ

ಮೈಕೈ ನೋವಿಗೆ ಸೂಜಿ, ಸುಸ್ತಿಗೆ ಗ್ಲೂಕೋಸ್ ಬಾಟಲಿ ಕೇಳಿ ಬರುವವರಿಗೆ ಅದನ್ನು ಕೊಡದೆ, ಆದರೂ ಮುನಿಸಿಕೊಳ್ಳದಂತೆ ಕಳಿಸುವುದು ಕಲಿಯಬೇಕಾದ ವಿದ್ಯೆ. ಇದಕ್ಕೆ ಲಾಗ್‌ಬುಕ್ಕಿನಲ್ಲಿ ಕಾಲಂ ಇಲ್ಲ. ಮಾಡಿದ ಹೊಲಿಗೆ, ಮಾಡಿಸಿದ ಹೆರಿಗೆಗಳಿಗೆ ಇದೆ.

7. ಒಬ್ಬರ ತೀರ್ಪು ತೀರ್ಪಲ್ಲ

ನಮ್ಮಲ್ಲೊಬ್ಬರು ಯಾರಿಗೂ ಐದಕ್ಕಿಂತ ಹೆಚ್ಚು ಕೊಡುವುದಿಲ್ಲ, ಇನ್ನೊಬ್ಬರು ಎಂಟಕ್ಕಿಂತ ಕಡಿಮೆ ಕೊಡುವುದಿಲ್ಲ. ಇಬ್ಬರೂ ಪ್ರಾಮಾಣಿಕರೇ. ತಿದ್ದಲು ಹೋಗಿ ಪ್ರಯೋಜನವಿಲ್ಲ. ವರ್ಷದುದ್ದಕ್ಕೂ ಬೇರೆ ಬೇರೆಯವರು, ಬೇರೆ ಬೇರೆ ರೋಗಿಗಳ ಜೊತೆ, ಸಣ್ಣ ಸಣ್ಣದಾಗಿ ನೋಡಿದರೆ ಸರಾಸರಿ ತಾನೇ ಸರಿಹೋಗುತ್ತದೆ. ಸಿಸ್ಟರ್‌ಗಳನ್ನೂ ಕೇಳಿ. ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಯಾರು ಎದ್ದು ಬರುತ್ತಾರೆ, ಯಾರು ಮಲಗಿದಲ್ಲಿಂದಲೇ ಔಷಧಿ ಹೇಳುತ್ತಾರೆ ಎಂಬುದು ಅವರಿಗಷ್ಟೇ ಗೊತ್ತು.

8. “ಆಯ್ತು ಸರ್” ಕೇಳಿ ಹಿಗ್ಗಬೇಡಿ

ತಪ್ಪು ತೋರಿಸಿದರೆ ನಮ್ಮ ಮಕ್ಕಳು ವಾದಿಸುವುದಿಲ್ಲ, ತಲೆ ಆಡಿಸುತ್ತಾರೆ, ಮರುದಿನ ಅದನ್ನೇ ಮಾಡುತ್ತಾರೆ. ಹಾಗಾಗಿ ಒಂದು ಸಲಕ್ಕೆ ಒಂದೇ ವಿಷಯ ಹೇಳುತ್ತೇನೆ, ಅದೂ ಎಲ್ಲಿ ಎಡವಿದೆ ಎಂದು ಅವರೇ ಮೊದಲು ಹೇಳಿದ ಮೇಲೆ. ಮುಂದಿನ ವಾರ ಅದನ್ನೇ ನೋಡಲು ಮತ್ತೆ ಮೂಲೆಗೆ ಹೋಗುತ್ತೇನೆ.

9. ಸಹಿ ತಡೆಹಿಡಿಯುವುದು ದಯೆಯಿಲ್ಲದ ಕೆಲಸವಲ್ಲ

“ಥೀಸಿಸ್ ಮುಗಿದಿದೆಯಲ್ಲ ಸರ್, ಪಾಪ, ಮದುವೆ ಬೇರೆ ನಿಶ್ಚಯವಾಗಿದೆ” ಎಂದು ಸಹೋದ್ಯೋಗಿಗಳೇ ಶಿಫಾರಸು ತರುತ್ತಾರೆ. ಮೊದಲ ವರ್ಷದಿಂದ ದಿನಾಂಕ ಹಾಕಿ ಬರೆದಿಟ್ಟ ಹಾಳೆಗಳಿದ್ದರೆ ಇಲ್ಲ ಎನ್ನಲು ಧೈರ್ಯ ಬರುತ್ತದೆ. ಕೊನೇ ತಿಂಗಳಲ್ಲಿ ಎದ್ದ ಅನುಮಾನಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಕೊಡಲೂಬಾರದು.

10. ಔಷಧಿ ಕೌಂಟರಿನಲ್ಲಿ ಕೇಳಿ ನೋಡಿ

ರೋಗಿಗಳ ಅಭಿಪ್ರಾಯ ಪಡೆಯಿರಿ ಎನ್ನುತ್ತಾರೆ. “ಡಾಕ್ಟ್ರು ಹೇಗೆ?” ಎಂದರೆ ನಮ್ಮ ಜನ ಎಲ್ಲರನ್ನೂ “ದೇವರಂಥೋರು” ಎಂದುಬಿಡುತ್ತಾರೆ. ಅದರ ಬದಲು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ: ನಿಮಗೆ ಏನಾಗಿದೆ ಅಂದರು? ಈ ಮಾತ್ರೆ ಯಾತಕ್ಕೆ? ಏನಾದರೆ ಕೂಡಲೇ ವಾಪಸು ಬರಬೇಕು? ಮೂರನೆಯದೇ ಮುಖ್ಯ. ಇಂಗ್ಲೆಂಡಿನ ಜಿಪಿ ರೋಜರ್ ನೇಬರ್ 1987ರ ತಮ್ಮ ಪುಸ್ತಕದಲ್ಲಿ ರೋಗಿಯ ಕೆಳಗೆ ಬಲೆ ಹಾಸಿ ಕಳಿಸಬೇಕು ಎಂದದ್ದು ಇದನ್ನೇ. ಮೊದಲ ದಿನದ ಜ್ವರ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಮಗು ಕುಡಿಯುವುದು ಬಿಟ್ಟರೆ, ಮಂಕಾದರೆ ರಾತ್ರಿಯಾದರೂ ಕರೆತನ್ನಿ ಎಂದು ತಾಯಿಗೆ ಗೊತ್ತಿರಬೇಕು. ಕೌಂಟರಿನಲ್ಲಿ ಆಕೆ ಅದನ್ನು ತನ್ನ ಮಾತಿನಲ್ಲಿ ಹೇಳಿದರೆ, ಒಳಗಿರುವ ವಿದ್ಯಾರ್ಥಿ ಆ ಭೇಟಿಯಲ್ಲಿ ಪಾಸು. ಇದನ್ನು ಕೇಳಿ ಗುರುತು ಹಾಕಿಕೊಳ್ಳಲು ವೈದ್ಯರೇ ಬೇಕೆಂದಿಲ್ಲ, ನಮ್ಮಲ್ಲಿ ಫಾರ್ಮಸಿಯ ಹುಡುಗಿಯೇ ಮಾಡುತ್ತಾಳೆ.