ಕಾಡು ನೋಡಲು ಹೋಗುವ ಮುನ್ನ

ಕಳೆದ ಚಳಿಗಾಲದಲ್ಲಿ ನಮ್ಮ ತರಗತಿಯ ಹದಿನಾಲ್ಕು ಮಂದಿ ಭದ್ರಾ ಅಭಯಾರಣ್ಯದ ಮುತ್ತೋಡಿಗೆ ಮೃಗದರ್ಶನಕ್ಕಾಗಿ ಹೋಗಿ ಬಂದೆವು. ಹಿಂದಿರುಗಿದ ಮೇಲೆ “ಹುಲಿ ಕಂಡಿತೇ?” ಎಂದು ಕೇಳದವರಿಲ್ಲ. ಇಲ್ಲವೆಂದೊಡನೆ ಕೇಳಿದವರ ಮುಖ ಬಾಡುತ್ತದೆ. ಹೋದ ಹಣವೆಲ್ಲ ದಂಡವಾಯಿತೆಂದು ಅವರ ಎಣಿಕೆ. ದಂಡವಾಗಲಿಲ್ಲವೆಂದು ತಿಳಿಸುವುದಕ್ಕೂ, ಮುಂದೆ ಹೋಗುವ ಮಿತ್ರರಿಗೆ ಸ್ವಲ್ಪ ಉಪಯೋಗವಾಗಲೆಂದೂ ಈ ಲೇಖನವನ್ನು ಬರೆಯುತ್ತಿದ್ದೇನೆ.

‘ಸಫಾರಿ’ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು. ಅದರ ಮೂಲ ಅರಬ್ಬಿಯಲ್ಲಿದೆ, ಅರ್ಥ, ಪ್ರಯಾಣ. ನಮ್ಮಲ್ಲಿಯೂ ಹಿರಿಯರು ‘ಸಫರು’ ಎನ್ನುವುದುಂಟು. ಮೂಲದಲ್ಲಿ ಮೃಗವೂ ಇಲ್ಲ, ಬಂದೂಕವೂ ಇಲ್ಲ. ಅವೆರಡನ್ನೂ ಸೇರಿಸಿದವರು ಐರೋಪ್ಯ ಬೇಟೆಗಾರರು. ಹಾಗೆಂದು ನಮ್ಮ ರಾಜರೇನೂ ಹಿಂದೆ ಬಿದ್ದವರಲ್ಲ. ಹೊಯ್ಸಳರ ಕಾಲದವನೇ ಆದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬೇಟೆಯೂ ಅರಸನ ವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದ ಮೇಲೆ ಆ ವಿನೋದಕ್ಕೆ ಎಡೆಯಿಲ್ಲದಾಗಿ, ನೋಡುವ ವಿನೋದವೊಂದು ಉಳಿದಿದೆ. ನೋಡುವುದೂ ಒಂದು ವಿದ್ಯೆಯೆಂದು ನನಗೆ ತಿಳಿದದ್ದು ಈ ಪ್ರವಾಸದಿಂದ.

ಪ್ರವಾಸದ ಮೊದಲ ಪಾಠ ನನಗೆ ಮನೆಯಲ್ಲಿಯೇ ಆಯಿತು. ನಮ್ಮದು ಅರಸೀಕೆರೆಗೆ ಹತ್ತಿರದ, ಗುಡ್ಡದ ಬುಡದ ಹಳ್ಳಿ. ನಮ್ಮ ದೊಡ್ಡಪ್ಪನ ಎಡಗೆನ್ನೆಯಲ್ಲಿ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಮೂರು ಗೀರುಗಳಿವೆ. ಬಹಳ ವರ್ಷಗಳ ಹಿಂದೆ ಕಡಲೆಕಾಯಿ ಹೊಲಕ್ಕೆ ನಸುಕಿನಲ್ಲಿ ಹೋಗುತ್ತಿದ್ದಾಗ ಹುತ್ತದ ಮರೆಯಿಂದ ಎದ್ದ ಕರಡಿ ಮಾಡಿದ ಗಾಯ ಅದು. ಚಿಕ್ಕಂದಿನಲ್ಲಿ ಆ ಮುಖ ಕಂಡರೆ ನನಗೆ ಭಯ. ಪ್ರವಾಸದ ಮಾತು ತೆಗೆದಾಗ ಅವರು ಮೊದಲ ಸಲ ಅದರ ವಿಚಾರವನ್ನು ನನ್ನೊಡನೆ ಮಾತಾಡಿದರು. “ಕರಡಿಗೆ ನಮ್ಮ ಮೇಲೆ ಹಗೆಯಿಲ್ಲ ಕಣಪ್ಪ. ನಾನು ಬಂದದ್ದು ಅದಕ್ಕೆ ಗೊತ್ತಾಗ್ಲಿಲ್ಲ, ಅದು ಇದ್ದದ್ದು ನಂಗೆ ಗೊತ್ತಾಗ್ಲಿಲ್ಲ. ಗುಡ್ಡದ ದಾರೀಲಿ ಒಬ್ಬನೇ ಹೋಗೋವಾಗ ಕೆಮ್ತಾ ಹೋಗಬೇಕು, ಇಲ್ಲಾ ಕೋಲು ಕುಟ್ತಾ ಹೋಗಬೇಕು.”

ಈ ಮಾತನ್ನು ನಾನು ಗ್ರಂಥಾಲಯದಲ್ಲಿ ಓದಿದ್ದರೊಡನೆ ಹೋಲಿಸಿ ನೋಡಿದೆ. ದೊಡ್ಡಪ್ಪ ಹೇಳಿದ್ದು ಶಾಸ್ತ್ರಸಮ್ಮತವೇ ಸರಿ. ನಮ್ಮ ಕರಡಿಗೆ ಮೂಗು ಬಲು ಚುರುಕು. ಕಣ್ಣು ಕಿವಿಗಳು ಅಷ್ಟಕ್ಕಷ್ಟೆ. ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಆ ಸಂದಿಯಿಂದ ಗೆದ್ದಲನ್ನು ಗಾಳಿಯೊಡನೆ ಎಳೆದುಕೊಳ್ಳುತ್ತದೆ. ಮಣ್ಣು ಒಳಗೆ ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹೀಗೆ ತಲೆಯನ್ನು ಹುತ್ತದೊಳಗಿಟ್ಟು ಸದ್ದುಮಾಡಿ ಹೀರುತ್ತಿರುವಾಗ ಮನುಷ್ಯ ಹತ್ತಿರ ಬಂದರೂ ಅದಕ್ಕೆ ತಿಳಿಯದು. ತಿಳಿದಾಗ ಬೆದರಿ ಮೇಲೆ ಬೀಳುತ್ತದೆ; ಹಲವು ವೇಳೆ ಹಿಂಗಾಲಮೇಲೆ ನಿಲ್ಲುವುದರಿಂದ ಪೆಟ್ಟು ಮುಖಕ್ಕೇ ತಗಲುತ್ತದೆ.

ಅರಸೀಕೆರೆಯ ಕರಡಿ ಒಂದು ಕಾಲಕ್ಕೆ ಹೊರದೇಶದ ಓದುಗರಿಗೂ ಪರಿಚಿತವಾಗಿತ್ತೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್‌ಸನ್ನರು ೧೯೫೭ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇಲ್ಲಿಗೆ ಪೂರ್ವದ ಗುಡ್ಡಗಳಲ್ಲಿದ್ದ ಒಂದು ಕರಡಿಯ ವೃತ್ತಾಂತವಿದೆ. ಅದು ಹನ್ನೆರಡು ಮಂದಿಯನ್ನು ಕೊಂದಿತ್ತೆಂದು ಅವರ ಲೆಕ್ಕ. ಕೊನೆಗೆ ಅದನ್ನು ಹೊಡೆದವರೂ ಅವರೇ. ಆಂಡರ್‌ಸನ್ನರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ಅವನ್ನು ಓದದ ಹುಡುಗನಿಲ್ಲ. ಆದರೆ ಓದಿ ಎದ್ದವರಿಗೆ ಕರಡಿಯೆಂದರೆ ರಾಕ್ಷಸನೆಂಬ ಭಾವನೆ ಉಳಿಯುವುದೂ ಉಂಟು. ನನಗೂ ಉಳಿದಿತ್ತು. ದೊಡ್ಡಪ್ಪನಿಗೆ, ಗಾಯ ತಿಂದವರಿಗೆ, ಅದು ಉಳಿಯಲಿಲ್ಲ! ಈಗ ನಮ್ಮ ತಾಲ್ಲೂಕಿನಲ್ಲಿಯೇ ಕರಡಿಗಳಿಗೆಂದು ಒಂದು ವನ್ಯಧಾಮ ಘೋಷಿತವಾಗಿದೆ. ಬಳ್ಳಾರಿಯ ಕಡೆ ದರೋಜಿಯಲ್ಲಿ ೧೯೯೪ರಿಂದಲೂ ಇಂಥದೊಂದು ಉಂಟು.

ಎರಡನೆಯ ಪಾಠ ಕಲ್ಲಿನದು. ಮುತ್ತೋಡಿಗೆ ಹೋಗುವ ದಾರಿಯಲ್ಲಿ ಹಳೇಬೀಡು, ಬೇಲೂರುಗಳಲ್ಲಿ ಇಳಿಯಬೇಕೆಂದು ನಮ್ಮ ಚರಿತ್ರೆಯ ಅಧ್ಯಾಪಕರು ಹಟ ಹಿಡಿದರು. “ನೂರು ಸಲ ನೋಡಿದ್ದೇವೆ ಸಾರ್” ಎಂದು ನಾವು ಗೊಣಗಿದೆವು. “ದೇವರನ್ನು ನೋಡಿದ್ದೀರಿ, ಪ್ರಾಣಿಗಳನ್ನು ನೋಡಿಲ್ಲ. ಈ ಸಲ ಸೊಂಟಕ್ಕಿಂತ ಮೇಲೆ ನೋಡಬೇಡಿ” ಎಂದರು. ಹಾಗೆಯೇ ಮಾಡಿದೆವು. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯ ಅಡಿಯಲ್ಲಿ ಮೊದಲು ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆಗಳು. ಇನ್ನೂ ಮೇಲೆ ಪುರಾಣಕಥೆಗಳು, ಮಕರ, ಹಂಸ. ಒಂದು ಗಂಟೆ ನಿಧಾನವಾಗಿ ನೋಡಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ಆನೆಗಳನ್ನು ಕೆತ್ತಿದವನು ಆನೆಯನ್ನು ಕಂಡವನು. ಬೆನ್ನಿನ ಉಬ್ಬು, ತಲೆಯ ಎರಡು ಗುಬುಟು, ಮಡಚಿದ ಸೊಂಡಿಲು, ಹೆಜ್ಜೆಯ ಭಾರ, ಎಲ್ಲವೂ ನಿಜ; ಒಂದರಂತೆ ಇನ್ನೊಂದಿಲ್ಲ. ಸಿಂಹಗಳೋ, ಒಂದೇ ಅಚ್ಚಿನಲ್ಲಿ ತೆಗೆದ ಬೆಲ್ಲದಚ್ಚಿನಂತಿವೆ. ನಮ್ಮ ಶಿಲ್ಪಿಗಳು ಸಿಂಹವನ್ನು ಕಂಡಿರಲಾರರೆಂದು ನನ್ನ ಊಹೆ. ಮಕರವಂತೂ ಯಾರೂ ಕಾಣದ ಪ್ರಾಣಿ. ಸೊಂಡಿಲು ಆನೆಯದು, ಕಾಲು ಸಿಂಹದ್ದು, ಬಾಲ ನವಿಲಿನದು.

ಬೇಲೂರು ಅಲ್ಲಿಂದ ಹದಿನಾರು ಕಿಲೋಮೀಟರು. ೧೧೧೭ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಬಾಗಿಲಲ್ಲಿ ಸಳ ಮೃಗವನ್ನು ಇರಿಯುತ್ತಿದ್ದಾನೆ. ಕಥೆಯಲ್ಲಿ ಅದು ಅಂಗಡಿಯ ಕಾಡಿನ ಹುಲಿ. ಕಲ್ಲಿನಲ್ಲಿ ಕೇಸರವಿರುವ ಶಾರ್ದೂಲ. ಹುಲಿ ಇದ್ದ ನಾಡಿನಲ್ಲಿ ಹುಲಿಯನ್ನೇಕೆ ಕೆತ್ತಲಿಲ್ಲವೆಂಬ ಚರ್ಚೆ ನಮ್ಮಲ್ಲಿ ಚಿಕ್ಕಮಗಳೂರು ಮುಟ್ಟುವವರೆಗೂ ನಡೆಯಿತು, ತೀರ್ಮಾನವಾಗಲಿಲ್ಲ. ೨೦೨೩ರಲ್ಲಿ ಈ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದ್ದಾರೆ. ಬಂದವರು ಬಗ್ಗಿ ಆನೆಗಳನ್ನೂ ನೋಡಲಿ.

ಇನ್ನು ಸಿದ್ಧತೆಯ ಮಾತು. ಹಸಿರು, ಮಣ್ಣುಬಣ್ಣದ ಬಟ್ಟೆ ಒಳ್ಳೆಯದು. ನಮ್ಮಲ್ಲೊಬ್ಬ ಕೆಂಪು ಶರಟು ತಂದು ದಾರಿಯುದ್ದಕ್ಕೂ ಬೈಸಿಕೊಂಡ. ಅತ್ತರು, ಸೆಂಟು ಬೇಡ. ಜೀಪು ನಸುಕಿನಲ್ಲೇ ಹೊರಡುವುದರಿಂದ ಕಂಬಳಿಯೋ ಸ್ವೆಟರೋ ಇರಬೇಕು. ದುರ್ಬೀನು ಇಬ್ಬರಿಗೊಂದಾದರೂ ಇರಲಿ. ಎಲ್ಲಕ್ಕಿಂತ ಮುಖ್ಯವಾದುದು ಒಂದು ನೋಟುಬುಕ್ಕು ಮತ್ತು ಪೆನ್ಸಿಲು. ಇಳಿಯಬಾರದು, ಕೂಗಬಾರದು, ಹತ್ತಿರಕ್ಕೆ ಬಿಡೆಂದು ಚಾಲಕನನ್ನು ಪೀಡಿಸಬಾರದು. ಕಣ್ಣಿಗಿಂತ ಕಿವಿಯಿಂದ ಕಾಡು ಬೇಗ ತಿಳಿಯುತ್ತದೆ. ಹುಲಿಯೋ ಚಿರತೆಯೋ ಹೊರಟರೆ ಮೊದಲು ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗುತ್ತದೆ. ಚುಕ್ಕೆ ಜಿಂಕೆ, ಕಡವೆಗಳು ದನಿಗೂಡಿಸುತ್ತವೆ. ಕಡವೆ ಸುಮ್ಮನೆ ಕೂಗುವ ಪ್ರಾಣಿಯಲ್ಲವೆಂದು ನಮ್ಮ ಮಾರ್ಗದರ್ಶಕರು ಹೇಳಿದರು. ಇಲ್ಲೊಂದು ವಿನೋದವಿದೆ: ಜೀಪಿನಲ್ಲಿ ಸದ್ದುಮಾಡಬಾರದು, ನಮ್ಮೂರ ಗುಡ್ಡದ ದಾರಿಯಲ್ಲಿ ಸದ್ದುಮಾಡದೆ ಹೋಗಬಾರದು. ಎರಡನ್ನೂ ಕಲಿಯಬೇಕು.

ಮುತ್ತೋಡಿಯ ಕಾಡಿಗೂ ಒಂದು ಚರಿತ್ರೆಯಿದೆ. ೧೯೫೧ರಲ್ಲಿ ಜಾಗರ ಕಣಿವೆಯನ್ನು ರಕ್ಷಿತ ಪ್ರದೇಶವೆಂದು ಸಾರಿದರು. ೧೯೭೪ರಲ್ಲಿ ಅದು ವಿಸ್ತಾರಗೊಂಡು ಭದ್ರಾ ಅಭಯಾರಣ್ಯವಾಯಿತು. ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ೧೯೮೦ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ ತಗಲಿ ಇಲ್ಲಿಯ ಕಾಟಿಗಳು ಗುಂಪುಗುಂಪಾಗಿ ಸತ್ತವು. ೨೦೦೨ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ನೆಲಸಿದವು. ನಾವು ಹುಲ್ಲು ಬೆಳೆದ ಬಯಲೆಂದು ನೋಡುತ್ತಿದ್ದುದು ಅಂಥ ಒಂದು ಹಳ್ಳಿಯ ಗದ್ದೆಯಾಗಿತ್ತೆಂದು ಕೇಳಿ ನನಗೆ ಒಂದು ಬಗೆಯ ಸಂಕಟವಾಯಿತು. ಅದೇ ಬಯಲಲ್ಲಿ ಏಳು ಕಾಟಿಗಳು ಮೇಯುತ್ತಿದ್ದವು.

ನಮ್ಮ ಗುಂಪಿನಲ್ಲಿ ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಕಡೆಯ ಗೆಳೆಯನೊಬ್ಬನಿದ್ದ. ಅವನು ಬರಲು ಒಪ್ಪಿರಲಿಲ್ಲ. “ದುಡ್ಡು ಕೊಟ್ಟು ಆನೆ ನೋಡ್ತೀರಾ? ನಮ್ಮ ತೋಟಕ್ಕೆ ಬನ್ರೋ, ಪುಕ್ಕಟೆ ಕಾಣ್ತವೆ” ಎನ್ನುತ್ತಿದ್ದ. ಅವನ ಹಾಸ್ಯದ ಹಿಂದಿನ ಕಷ್ಟ ನಮಗೆ ತಿಳಿಯದ್ದಲ್ಲ. ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಕಾಫಿತೋಟದ ಕೆಲಸಕ್ಕೆ ಬೆಳಗ್ಗೆ ಹೋದವರು ಸಂಜೆ ಹಿಂದಿರುಗುವವರೆಗೆ ಮನೆಯವರಿಗೆ ನೆಮ್ಮದಿಯಿಲ್ಲ. ೨೦೧೪ರಲ್ಲಿ ಆಲೂರು ಕಡೆಯಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು. ಬರಿದಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಎಂಟು ಸಲ ದಸರೆಯ ಅಂಬಾರಿ ಹೊತ್ತ ಅರ್ಜುನ ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯದಲ್ಲಿಯೇ ಸತ್ತ. ಈ ಗೆಳೆಯನ ಗದ್ದೆಯ ಬತ್ತ ಎರಡು ವರ್ಷ ಆನೆಯ ಕಾಲಿಗೆ ಹೋಗಿ, ಅವನ ತಂಗಿಯ ಓದು ಒಂದು ವರ್ಷ ನಿಂತಿತ್ತು.

ಎರಡನೆಯ ದಿನ ಸಂಜೆ ಒಂದು ತಿರುವಿನಲ್ಲಿ ಜೀಪು ನಿಂತಿತು. ನೂರು ಗಜ ದೂರದಲ್ಲಿ ಬಿದಿರುಮೆಳೆಯ ಪಕ್ಕ ಒಂದು ಹೆಣ್ಣಾನೆ, ಅದರ ಕಾಲುಗಳ ನಡುವೆ ಮರಿ. ತಾಯಿ ಹುಲ್ಲು ಕಿತ್ತು, ಬೇರಿನ ಮಣ್ಣನ್ನು ಮುಂಗಾಲಿಗೆ ಬಡಿದು ಉದುರಿಸಿ, ಬಾಯಿಗಿಡುತ್ತಿತ್ತು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಜೀಪು ಹೊರಟ ಮೇಲೆ ನನ್ನ ಗೆಳೆಯ ಮೆಲ್ಲಗೆ ಹೇಳಿದ: “ಹಗಲು ಬೆಳಕಲ್ಲಿ, ಅದು ಅದರಷ್ಟಕ್ಕೆ ತಿನ್ನೋದನ್ನ ನಾನು ನೋಡೇ ಇರ್ಲಿಲ್ಲ ಮಾರಾಯ. ನಮಗೆ ಗೊತ್ತಿರೋದು ಕತ್ತಲೆ, ಪಟಾಕಿ, ಓಡೋದು ಅಷ್ಟೆ.” ಆನೆಯನ್ನು ಕ್ಷಮಿಸಿದ್ದೇನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬತ್ತದ ನಷ್ಟಕ್ಕೆ ಪರಿಹಾರದ ಅರ್ಜಿ ಇನ್ನೂ ಹಾಗೆಯೇ ಇದೆಯೆಂದು ಮಾತ್ರ ಹೇಳಿದ. ಅವನ ನೋಟುಬುಕ್ಕಿನಲ್ಲಿ ಆ ದಿನದ ಪುಟದ ತುಂಬ ಆನೆಯ ಕಾಲಿನ ಚಿತ್ರಗಳಿದ್ದವು. ಮುಂದಿನ ರಜೆಯಲ್ಲಿ ನಾವು ನಾಲ್ವರು ಅವನ ಊರಿಗೆ ಹೋಗಿ ಒಂದು ವಾರ ರಾತ್ರಿ ಕಾವಲು ಕುಳಿತು ಲೆಕ್ಕ ಬರೆಯುವುದೆಂದು ಗೊತ್ತುಮಾಡಿದ್ದೇವೆ: ಎಷ್ಟು ಹೊತ್ತಿಗೆ ಬಂದವು, ಯಾವ ದಾರಿಯಲ್ಲಿ ಬಂದವು, ಏನು ತಿಂದವು.

ಊರಿಗೆ ಬಂದಾಗ ದೊಡ್ಡಪ್ಪ ಜಗಲಿಯಲ್ಲಿ ಕುಳಿತಿದ್ದರು. ಹುಲಿಯ ಮಾತೆತ್ತದೆ “ಕರಡಿ ಕಂಡ್ಯೇನೋ?” ಎಂದು ಕೇಳಿದವರು ಅವರೊಬ್ಬರೇ.

“ಇಲ್ಲ ದೊಡ್ಡಪ್ಪ. ಒಂದು ಮರದ ಮೇಲೆ ಉಗುರಿನ ಗೀರು ಇತ್ತು.”

“ಎಷ್ಟೆತ್ತರಕ್ಕೆ?”

ನಾನು ಕೈಯೆತ್ತಿ ತೋರಿಸಿದೆ. “ದೊಡ್ಡದೇ” ಎಂದು ಹೇಳಿ ಬೀಡಿ ಹಚ್ಚಿದರು.